ಎಲ್‌ಎಲ್‌ಆರ್ ಮಾಡಿಸಿದ್ದ ಕಚೇರಿ ಈಗ ಮ್ಯೂಸಿಯಂ! ಮಡಿಕೇರಿಯ ಸನ್ನಿಸೈಡ್ ನೋಡಿ ಬಂದೆ

ಕಾಫಿಪುಡಿ:

ಹೋದ ಶುಕ್ರವಾರ ಅಪ್ಪನ ಪೆನ್ಶನ್ ಕೆಲಸಕ್ಕೆಂದು ಮಡಿಕೇರಿಗೆ ಹೋಗಿದ್ದೆವು. ಅಂದುಕೊಂಡದ್ದಕ್ಕಿಂತ ಬೇಗ ಕೆಲಸ ಮುಗಿಯಿತು. ಹೊರಗೆ ಬಂದರೆ ಮಳೆ. ಕೊಡಗಿನ ಮಳೆ ಗೊತ್ತಲ್ಲ, ನಿಲ್ಲಲಿ ಅಂತ ಕಾದರೆ ಕಾಯುತ್ತಲೇ ಇರಬೇಕು. "ಸುಮ್ನೆ ಇಲ್ಲಿ ನಿಂತು ಏನು ಮಾಡೋದು, ಆರ್‌ಟಿಓ ಆಫೀಸಿಗೆ ಹೋಗೋಣ ಬಾ" ಎಂದರು ಅಪ್ಪ.

ನನಗೆ ತಲೆಬುಡ ಅರ್ಥವಾಗಲಿಲ್ಲ. ಡಿಎಲ್ ಅವಧಿ ಮುಗಿಯಿತೇನೋ ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವರು ಹೇಳಿದ್ದು ಹಳೇ ಆರ್‌ಟಿಓ ಆಫೀಸು. ಅಂದರೆ ಸನ್ನಿಸೈಡ್. ಜನರಲ್ ತಿಮ್ಮಯ್ಯನವರು ಆಡಿ ಬೆಳೆದ ಮನೆ. 2021ರ ಫೆಬ್ರವರಿ 6ರಂದು ರಾಷ್ಟ್ರಪತಿ ರಾಮನಾಥ ಕೋವಿಂದ್ ಬಂದು ಅದನ್ನು ಮ್ಯೂಸಿಯಂ ಅಂತ ಉದ್ಘಾಟಿಸಿದ್ದರು. ಅಪ್ಪನ ಬಾಯಲ್ಲಿ ಮಾತ್ರ ಇನ್ನೂ ಆರ್‌ಟಿಓ ಆಫೀಸೇ.

ತಮಾಷೆ ಏನೆಂದರೆ ನನಗೂ ಅದು ಆರ್‌ಟಿಓ ಆಫೀಸೇ. 2003ರಲ್ಲಿ ನಾನು ಎಲ್‌ಎಲ್‌ಆರ್ ಮಾಡಿಸಿದ್ದು ಅದೇ ಕಟ್ಟಡದಲ್ಲಿ. ಕೈಯಲ್ಲಿ ಫಾರಂ, ಜೇಬಿನಲ್ಲಿ ಪಾಸ್‌ಪೋರ್ಟ್ ಸೈಜಿನ ಫೋಟೋ, ಸಿಗ್ನಲ್ ಚಿತ್ರಗಳನ್ನು ಬಾಯಿಪಾಠ ಮಾಡುತ್ತಾ ಸಾಲಿನಲ್ಲಿ ನಿಂತಿದ್ದೆ. ಗೋಡೆಗೆ ಫಾರಂ ಒತ್ತಿ ಹಿಡಿದು ಸಹಿ ಹಾಕಿದ್ದು ಈಗಲೂ ನೆನಪಿದೆ. ಅದು ಯಾರ ಮನೆಯ ಗೋಡೆ ಅನ್ನುವುದು ತಲೆಗೇ ಹೋಗಿರಲಿಲ್ಲ. ಎತ್ತರದ ಮಾಡು, ದೊಡ್ಡ ಕಿಟಕಿ ಎಲ್ಲ ಕಂಡಿತ್ತು. "ಹಳೇ ಬ್ರಿಟಿಷ್ ಬಂಗಲೆ ಇರಬೇಕು" ಅಂತ ಅಂದುಕೊಂಡು ಸುಮ್ಮನಾಗಿದ್ದೆ.

ಈ ಸಲ ಒಳಗೆ ಹೋದಾಗ ಮೊದಲು ಕಣ್ಣು ಹುಡುಕಿದ್ದು ಆ ಗೋಡೆಯನ್ನೇ. ಈಗ ಅಲ್ಲೆಲ್ಲ ಫೋಟೋಗಳು, ಸಮವಸ್ತ್ರ, ಬಂದೂಕು. ಅಂಗಳದಲ್ಲಿ ಟ್ಯಾಂಕ್ ಇದೆ, ಮಕ್ಕಳು ಅದನ್ನು ಬಿಟ್ಟು ಬರುವುದೇ ಇಲ್ಲ. ಅಪ್ಪ ಎಂಇಜಿಯಲ್ಲಿ (ಸೇನೆಯ ಮದ್ರಾಸ್ ಇಂಜಿನಿಯರ್ ಗ್ರೂಪ್, ಮದ್ರಾಸ್ ಸ್ಯಾಪರ್ಸ್ ಅಂತಲೂ ಕರೆಯುತ್ತಾರೆ) 17 ವರ್ಷ ಇದ್ದವರು. ಕಾಶ್ಮೀರದ ಭಾಗ ಬಂದಾಗ ಅವರು ನಿಂತುಬಿಟ್ಟರು. ನಾನು ಎರಡು ಕೋಣೆ ಮುಗಿಸಿ ವಾಪಸ್ ಬಂದರೂ ಅಲ್ಲೇ ಇದ್ದರು. ಯಾಕೆ ಅಂತ ಅವರ ಮಾತಿನಲ್ಲೇ ಆಮೇಲೆ ಬರೆಯುತ್ತೇನೆ.

ನನಗೆ ಬಂದ ಒಂದು ಆಸೆ ಹೇಳಿಬಿಡುತ್ತೇನೆ, ನಗಬೇಡಿ. ಆ ಮನೆಯ ಒಂದು ಮೂಲೆಯಲ್ಲಿ ಹಳೇ ಆರ್‌ಟಿಓ ಕೌಂಟರ್ ಒಂದನ್ನೂ ಇಡಬೇಕು. ಒಂದು ಮರದ ಮೇಜು, ಒಂದು ರಬ್ಬರ್ ಸ್ಟಾಂಪು, ಆ ಸಿಗ್ನಲ್ ಚಿತ್ರಗಳ ಹಲಗೆ. ಅಷ್ಟು ಸಾಕು. ಜನರಲ್‌ಗೆ ಅದು ಮನೆ, ಕೊಡಗಿನ ಸಾವಿರಾರು ಜನಕ್ಕೆ ಗಾಡಿ ಓಡಿಸುವ ಹಕ್ಕು ಸಿಕ್ಕಿದ ಜಾಗ. ಎರಡೂ ಆ ಗೋಡೆಯದ್ದೇ ಕಥೆ ಅಲ್ವಾ?

ನಿಮ್ಮೂರಲ್ಲೂ ಇಂಥ ಹಳೇ ಕಟ್ಟಡ ಮ್ಯೂಸಿಯಂ ಆಗಿದ್ದರೆ ಬರೆಯಿರಿ. ಒಳಗಿನ ವಸ್ತುಗಳ ಪಟ್ಟಿ ಬೇಡ, ಕಟ್ಟಡದ ಕಥೆ ಹೇಳಿ.

ಬೆಂಗಳೂರು ಸವಾರ:

ಚೆನ್ನಾಗಿದೆ ಬ್ರೋ. ಮುಂದಿನ ವಾರ ಎರಡು ದಿನದ ಟ್ರಿಪ್ ಇದೆ. ರಾಜಾಸೀಟು, ಅಬ್ಬಿ, ದುಬಾರೆ ಫಿಕ್ಸ್. ಈ ಮ್ಯೂಸಿಯಂಗೆ ಎಷ್ಟು ಹೊತ್ತು ಬೇಕು? ಅರ್ಧ ಗಂಟೆ ಸಾಕಾ?

ಕಾಫಿಪುಡಿ:

@ಬೆಂಗಳೂರು ಸವಾರ, ಫೋಟೋ ತೆಗೆದು ಓಡುವುದಾದರೆ ಅರ್ಧ ಗಂಟೆ ಸಾಕು. ಓದಿಕೊಂಡು ನೋಡಿದರೆ ಒಂದೂವರೆ. ನಮ್ಮ ಅಪ್ಪನಂಥವರು ಜೊತೆಗಿದ್ದರೆ ಊಟ ಕಟ್ಟಿಕೊಂಡು ಹೋಗಿ.

ಫೌಜಿ ಮಗ:

ಲೇಖನ ಇಷ್ಟವಾಯಿತು, ಕೊನೆಯ ಆಸೆ ಇಷ್ಟವಾಗಲಿಲ್ಲ. ಬೇಜಾರು ಮಾಡಿಕೊಳ್ಳಬೇಡಿ.

ಅದು ಯಾರ ಮನೆ? 1957ರಿಂದ 1961ರವರೆಗೆ ಭೂಸೇನೆಯ ಮುಖ್ಯಸ್ಥರಾಗಿದ್ದವರ ಮನೆ. ಎರಡನೇ ಮಹಾಯುದ್ಧದಲ್ಲಿ ರಣರಂಗದಲ್ಲಿ ಬ್ರಿಗೇಡ್ ಮುನ್ನಡೆಸಿದ ಮೊದಲ ಭಾರತೀಯ. ಕೊರಿಯಾ ಯುದ್ಧ ಮುಗಿದ ಮೇಲೆ ಯುದ್ಧಕೈದಿಗಳನ್ನು ಅವರವರ ದೇಶಕ್ಕೆ ಕಳಿಸುವ ತಟಸ್ಥ ರಾಷ್ಟ್ರಗಳ ಆಯೋಗಕ್ಕೆ 1953ರಲ್ಲಿ ಅಧ್ಯಕ್ಷರು. ನಿವೃತ್ತಿಯಾದ ಮೇಲೂ ಕೂರಲಿಲ್ಲ. ಸೈಪ್ರಸ್‌ನಲ್ಲಿ ವಿಶ್ವಸಂಸ್ಥೆಯ ಪಡೆಯ ದಂಡನಾಯಕರಾಗಿದ್ದಾಗಲೇ 1965ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಆ ದೇಶ ಅವರ ನೆನಪಿಗೆ ಅಂಚೆಚೀಟಿ ತಂದಿತು. ಅಂಥವರ ಮನೆಯಲ್ಲಿ ಎಲ್‌ಎಲ್‌ಆರ್ ಕೌಂಟರ್ ಯಾಕೆ? ಇಷ್ಟು ವರ್ಷ ಆಫೀಸು ಮಾಡಿಕೊಂಡಿದ್ದೇ ತಪ್ಪು, ಅದನ್ನು ನೆನಪಿಸುವುದು ಇನ್ನೊಂದು ತಪ್ಪು.

ಹಳೇ ಫೈಲು:

ನಾನು ನಿವೃತ್ತ ಗುಮಾಸ್ತ. ಮೂವತ್ತು ವರ್ಷ ಹಳೇ ಕಟ್ಟಡಗಳ ಒಳಗೇ ಕೂತು ಕೆಲಸ ಮಾಡಿದವನು. ಹಾಗಾಗಿ ಕಾಫಿಪುಡಿಯವರ ಕಡೆ ಸ್ವಲ್ಪ ವಾಲುತ್ತೇನೆ.

ಮಡಿಕೇರಿಗೆ ಹೋದವರು ಸನ್ನಿಸೈಡ್‌ನಿಂದ ಕೋಟೆಗೂ ಹೋಗಿ. ಅಲ್ಲಿ ಒಂದೇ ಆವರಣದಲ್ಲಿ ಎಷ್ಟು ಪದರ ಇದೆ ನೋಡಿ. ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಇಲ್ಲಿ ಮಣ್ಣಿನ ಕೋಟೆ ಕಟ್ಟಿಸಿದ. ಊರು ಮುದ್ದುರಾಜಕೇರಿ ಆಗಿ ಮಡಿಕೇರಿ ಆಯಿತು. ಆಮೇಲೆ ಟಿಪ್ಪು ಕಲ್ಲಿನ ಕೋಟೆ ಮಾಡಿಸಿ ಜಾಫರಾಬಾದ್ ಅಂತ ಹೆಸರಿಟ್ಟ. 1790ರಲ್ಲಿ ದೊಡ್ಡ ವೀರರಾಜೇಂದ್ರ ವಾಪಸ್ ಪಡೆದ. ಈಗ ಕಾಣುವ ಅರಮನೆ ಎರಡನೇ ಲಿಂಗರಾಜೇಂದ್ರನ ಕಾಲದ್ದು, 1812ರಿಂದ 1814ರ ಹೊತ್ತಿನದು. 1834ರಲ್ಲಿ ಈಸ್ಟ್ ಇಂಡಿಯಾ ಕಂಪನಿಯವರು ಕೊನೆಯ ರಾಜ ಚಿಕ್ಕ ವೀರರಾಜೇಂದ್ರನನ್ನು ಇಳಿಸಿದರು. ಅಲ್ಲಿಂದ ಅರಮನೆ ಅವರ ಕೈಗೆ ಹೋಯಿತು. 1933ರಲ್ಲಿ ಮುಂದೆ ಒಂದು ಗಡಿಯಾರ ಗೋಪುರ, ಕಮಿಷನರ್ ಸಾಹೇಬರ ಕಾರು ನಿಲ್ಲಲು ಒಂದು ಪೋರ್ಟಿಕೋ ಸೇರಿಸಿದರು. ಸ್ವಾತಂತ್ರ್ಯ ಬಂದ ಮೇಲೆ ಬಹಳ ವರ್ಷ ಅಲ್ಲೇ ಜಿಲ್ಲಾಧಿಕಾರಿ ಕಚೇರಿ.

ರಾಜನ ಅರಮನೆಗೆ ಸಾಹೇಬರ ಗಡಿಯಾರ, ಅದರ ಕೆಳಗೆ ನಮ್ಮ ಪಹಣಿ ಅರ್ಜಿ. ಯಾವುದನ್ನು ಕಿತ್ತು ಯಾವುದನ್ನು ಉಳಿಸುತ್ತೀರಿ? ಪೋರ್ಟಿಕೋ ಅರಮನೆಗೆ ಒಪ್ಪುವುದಿಲ್ಲ, ಅದು ನಿಜ. ಆದರೆ ಅದನ್ನು ಒಡೆದರೆ ಕಾರು ಬಂದ ಕಾಲದ ಕಥೆಯೂ ಹೋಗುತ್ತದೆ.

ಇನ್ನು ಚರ್ಚ್. ಕೋಟೆಯೊಳಗೆ ವೀರಭದ್ರನ ಗುಡಿ ಇತ್ತು. ಬ್ರಿಟಿಷರು ಅದನ್ನು ತೆಗೆದು ಅದೇ ಜಾಗದಲ್ಲಿ 1855ರಲ್ಲಿ ಸೇಂಟ್ ಮಾರ್ಕ್ಸ್ ಚರ್ಚ್ ಕಟ್ಟಿದರು. ಚೂಪು ಕಮಾನು, ಬಣ್ಣದ ಗಾಜಿನ ಕಿಟಕಿ, ಎಲ್ಲ ಗಾಥಿಕ್ ರೀತಿ. ಸ್ವಾತಂತ್ರ್ಯದ ನಂತರ ಪ್ರಾರ್ಥನೆಗೆ ಬರುವವರಿಲ್ಲದೆ ಮುಚ್ಚಿತು. 1971ರಲ್ಲಿ ಪುರಾತತ್ವ ಇಲಾಖೆಯ ಕೈಗೆ ಬಂದು ಸರಕಾರಿ ಮ್ಯೂಸಿಯಂ ಆಯಿತು. ಹಾಗಾಗಿ ಏನಾಯಿತು ಗೊತ್ತಾ? ಗುಡಿ ಇದ್ದ ಜಾಗದ ಚರ್ಚಿನೊಳಗೆ ಜೈನ ಶಿಲ್ಪ, ವೀರಗಲ್ಲು, ಕೊಡವರ ಪೀಚೆಕತ್ತಿ, ಒಡಿಕತ್ತಿ ಬಂದು ಕೂತವು. ಇಂಥ ಜಾಗ ಇನ್ನೊಂದು ನನಗೆ ಗೊತ್ತಿಲ್ಲ.

ಕಾಫಿಪುಡಿ:

ಫೈಲು ಸಾರ್, ನಾಚಿಕೆಯಾಯಿತು. ಶಾಲೆಯಿಂದ ಮೂರು ಸಲ ಆ ಚರ್ಚಿಗೆ ಕರೆದುಕೊಂಡು ಹೋಗಿದ್ದರು. ನನಗೆ ನೆನಪಿರುವುದು ಎರಡೇ. ಕೋಟೆಯ ಆವರಣದ ಗಾರೆಯ ಆನೆಗಳು, ಚರ್ಚಿನೊಳಗಿನ ಕೋವಿಗಳು. ಮೇಲೆ ನೋಡಿದ್ದರೆ ತಾನೆ ಕಿಟಕಿ ಕಾಣುವುದು!

ಫೌಜಿ ಮಗ:

ಸಾರ್, ನೀವು ಹೇಳಿದ್ದರಲ್ಲೇ ನನ್ನ ವಾದ ಇದೆ. ಗುಡಿ ಕೆಡವಿ ಕಟ್ಟಿದ ಚರ್ಚು, ಅರಮನೆ ಕಿತ್ತುಕೊಂಡು ಮಾಡಿದ ಆಫೀಸು. ಇದನ್ನೆಲ್ಲ "ಪದರ" ಅಂತ ಚಂದ ಮಾಡಿ ಹೇಳಿದರೆ ಕಿತ್ತುಕೊಂಡವನು ಬಚಾವು.

ಹಳೇ ಫೈಲು:

ಒಳ್ಳೆಯ ಏಟು. ಒಪ್ಪಿದೆ. ಆದರೆ ಚರ್ಚನ್ನು ಇಲ್ಲವಾಗಿಸಿದರೆ ಗುಡಿ ಕೆಡವಿದ್ದಕ್ಕೆ ಸಾಕ್ಷಿ ಎಲ್ಲಿ ಉಳಿಯಿತು? ಕಳ್ಳನ ಚಪ್ಪಲಿ ಅಂಗಳದಲ್ಲಿ ಬಿದ್ದಿದ್ದರೆ ಗುಡಿಸಿ ಎಸೆಯುತ್ತೀರಾ?

ಸುಳ್ಯದ ಹುಡುಗಿ:

ಕೋಟೆಯ ಮಾತು ಬಂತಲ್ಲ, ನಮ್ಮ ಕಡೆಯದ್ದೂ ಒಂದು ಸೇರಿಸುತ್ತೇನೆ. ನಮ್ಮ ಮನೆಯಲ್ಲಿ ಅರೆಬಾಸೆ ಮಾತು. ಮಡಿಕೇರಿ ಕೋಟೆ ಅಂದರೆ ನಮ್ಮಜ್ಜಿಗೆ ಅರಮನೆಯೂ ಅಲ್ಲ, ಚರ್ಚೂ ಅಲ್ಲ. ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಗಲ್ಲಿಗೆ ಹಾಕಿದ ಜಾಗ.

1834ರಲ್ಲಿ ಕೊಡಗು ಕಂಪನಿ ಪಾಲಾದ ಮೇಲೆ ಅಮರ ಸುಳ್ಯ, ಪುತ್ತೂರು ಸೀಮೆಯನ್ನು ಕೊಡಗಿನಿಂದ ಬಿಡಿಸಿ ಕೆನರಾ ಜಿಲ್ಲೆಗೆ ಸೇರಿಸಿದರು. ಮೊದಲು ರೈತರು ಕಂದಾಯವನ್ನು ಬೆಳೆಯ ರೂಪದಲ್ಲೇ ಕೊಡುತ್ತಿದ್ದರು. ಆಮೇಲೆ ನಗದಿನಲ್ಲೇ ಕಟ್ಟಬೇಕು ಅಂತಾಯಿತು. ಭತ್ತ, ಅಡಿಕೆ ಇದ್ದವರ ಕೈಯಲ್ಲಿ ರೊಕ್ಕ ಎಲ್ಲಿಂದ ಬರಬೇಕು? 1837ರಲ್ಲಿ ಕೆದಂಬಾಡಿ ರಾಮಯ್ಯ ಗೌಡರ ಮುಂದಾಳತ್ವದಲ್ಲಿ ಜನ ಎದ್ದರು. ಮಂಗಳೂರಿನವರೆಗೆ ನಡೆದು ಹೋಗಿ ಬಾವುಟಗುಡ್ಡದಲ್ಲಿ ಕಂಪನಿ ಬಾವುಟ ಇಳಿಸಿದರು. 13 ದಿನ ಊರು ಅವರ ಕೈಯಲ್ಲಿತ್ತು. ಕಂಪನಿಯವರು ಇದನ್ನು ಕೀಳು ಮಾಡಲು ಕಲ್ಯಾಣಪ್ಪನ ಕಾಟಕಾಯಿ (ಲೂಟಿ ಅನ್ನುವ ಅರ್ಥ) ಅಂತ ಕರೆದರು ಅನ್ನುತ್ತಾರೆ. ನಮ್ಮವರಿಗೆ ಅದು ಅಮರ ಸುಳ್ಯ ದಂಗೆ. ಸೈನ್ಯ ತರಿಸಿ ದಂಗೆ ಅಡಗಿಸಿದ ಮೇಲೆ ಅಪ್ಪಯ್ಯ ಗೌಡರನ್ನು 1837ರ ಅಕ್ಟೋಬರ್ 31ರಂದು ಕೋಟೆಯ ಹತ್ತಿರ ಎಲ್ಲರೂ ನೋಡುವಂತೆ ಗಲ್ಲಿಗೇರಿಸಿದರು. ಈಗ ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ.

ಅಜ್ಜಿ ಮಡಿಕೇರಿಗೆ ಬಂದಾಗ ಎಷ್ಟು ಕರೆದರೂ ಕೋಟೆಯೊಳಗೆ ಬರುತ್ತಿರಲಿಲ್ಲ. ಹೊರಗೆ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿದ್ದರು. "ನೀವು ನೋಡ್ಕೊಂಡು ಬನ್ನಿ ಮಕ್ಳೆ" ಅಷ್ಟೇ. ಚಿಕ್ಕವಳಿದ್ದಾಗ ಮೊಣಕಾಲು ನೋವು ಅಂತ ಅಂದುಕೊಂಡಿದ್ದೆ.

ಕಾಫಿಪುಡಿ:

ಇದಕ್ಕೆ ಏನು ಬರೆಯಬೇಕೋ ಗೊತ್ತಾಗುತ್ತಿಲ್ಲ ಅಕ್ಕ.

ಗಾರೆ ಮೇಸ್ತ್ರಿ:

ಹೆಸರು ನೋಡಿ ಮೋಸ ಹೋಗಬೇಡಿ, ನಾನು ಸಿವಿಲ್ ಇಂಜಿನಿಯರು. ಆದರೆ ಕಲಿತದ್ದೆಲ್ಲ ನಿಜವಾದ ಗಾರೆ ಮೇಸ್ತ್ರಿಗಳ ಹತ್ತಿರ. ಹಳೇ ಮನೆ ರಿಪೇರಿಯೇ ನನ್ನ ಹೊಟ್ಟೆಪಾಡು. ಸನ್ನಿಸೈಡ್ ಕೆಲಸದಲ್ಲಿ ನಾನು ಇರಲಿಲ್ಲ, ಹಾಗಾಗಿ ಅದರ ಬಗ್ಗೆ ಮಾತಾಡುವುದಿಲ್ಲ. ಸಾಮಾನ್ಯವಾಗಿ ಇಂಥ ಬಂಗಲೆಗಳ ವಿಷಯ ಹೇಳುತ್ತೇನೆ.

ಫೌಜಿ ಮಗ ಹೇಳಿದ "ಆಫೀಸು ಮಾಡಿದ್ದೇ ತಪ್ಪು" ಅನ್ನುವ ಮಾತಿಗೆ. ಮಡಿಕೇರಿಯಲ್ಲಿ ವರ್ಷಕ್ಕೆ 3,000 ಮಿಲಿಮೀಟರ್ ಮೀರಿ ಮಳೆ ಬೀಳುತ್ತದೆ. ಇಲ್ಲಿ ಒಂದು ಹೆಂಚಿನ ಮನೆಯನ್ನು ಬೀಗ ಹಾಕಿ ಬಿಟ್ಟರೆ ಏನಾಗುತ್ತದೆ? ಮೊದಲ ಮಳೆಗಾಲದಲ್ಲಿ ಒಂದು ಹೆಂಚು ಜಾರುತ್ತದೆ. ಯಾರೂ ನೋಡುವುದಿಲ್ಲ. ಎರಡನೇ ವರ್ಷ ಆ ತೂತಿನ ಕೆಳಗಿನ ರೀಪು ಕೊಳೆಯುತ್ತದೆ. ಮೂರನೇ ವರ್ಷ ಪಕಾಸಿಗೆ ಗೆದ್ದಲು. ನಾಲ್ಕನೇ ವರ್ಷ ಮಾಡು ಒಂದು ಕಡೆ ಕುಸಿಯುತ್ತದೆ, ಗೋಡೆಯ ತಲೆಗೆ ನೀರು ಇಳಿಯುತ್ತದೆ. ಗೋಡೆಯ ತಲೆ ನೆನೆದರೆ ಆ ಮನೆಯ ಕಥೆ ಮುಗಿಯಿತು. ಕೊಡಗಿನ ಎಷ್ಟೋ ಐನ್‌ಮನೆಗಳಿಗೆ (ಕುಟುಂಬದ ಮೂಲಮನೆಗಳಿಗೆ) ಆದದ್ದು ಇದೇ. ಜನ ಇದ್ದರೆ ಸೋರುವುದು ಗೊತ್ತಾಗುತ್ತದೆ. ಗುಮಾಸ್ತರ ಮೇಜಿನ ಮೇಲೆ ನೀರು ಬಿದ್ದರೆ ಗಲಾಟೆ ಆಗುತ್ತದೆ, ಗಲಾಟೆ ಆದರೆ ಹೆಂಚು ಬದಲಾಗುತ್ತದೆ. ಹಾಗಾಗಿ ಸರಕಾರಿ ಆಫೀಸು ಆಗಿದ್ದಕ್ಕೇ ಉಳಿದ ಕಟ್ಟಡ ಎಷ್ಟೋ ಇವೆ.

ಆದರೆ ಆಫೀಸು ಹಾಳೂ ಮಾಡುತ್ತದೆ. ಹಳೇ ಗೋಡೆಗಳು ಸುಣ್ಣದ ಗಾರೆಯವು. ಸುಣ್ಣ, ಮರಳು, ಅದಕ್ಕೆ ಬೆಲ್ಲದ ನೀರು, ಕೆಲವು ಕಡೆ ಅಳಲೆಕಾಯಿ ನೆನೆಸಿದ ನೀರು. ಅಂಥ ಗೋಡೆ ಮಳೆಗಾಲದಲ್ಲಿ ತೇವ ಕುಡಿಯುತ್ತದೆ, ಬೇಸಿಗೆಯಲ್ಲಿ ಬಿಟ್ಟುಬಿಡುತ್ತದೆ. ಅದರ ಮೇಲೆ ಯಾರೋ ಸಿಮೆಂಟು ಗಿಲಾವು ಮಾಡಿ, ಮೇಲೆ ಎಣ್ಣೆ ಬಣ್ಣ ಬಳಿಯುತ್ತಾರೆ. ನೋಡಲು ಗಟ್ಟಿ. ಒಳಗೆ ತೇವ ಸಿಕ್ಕಿಹಾಕಿಕೊಂಡು ಹೊರಗೆ ಬರಲು ದಾರಿ ಇಲ್ಲ. ಹತ್ತು ವರ್ಷದಲ್ಲಿ ಗಿಲಾವು ಹಪ್ಪಳದ ಹಾಗೆ ಉಬ್ಬುತ್ತದೆ, ಒಳಗಿನ ಇಟ್ಟಿಗೆ ಪುಡಿಯಾಗಿರುತ್ತದೆ. ನಾವು ರಿಪೇರಿಗೆ ಹೋದರೆ ಅರ್ಧ ಖರ್ಚು ಈ ಸಿಮೆಂಟು ಕೀಳಲಿಕ್ಕೇ. ಆಮೇಲೆ ಸುಣ್ಣ ತರಿಸಿ ತಿಂಗಳುಗಟ್ಟಲೆ ನೀರಲ್ಲಿ ಕೊಳೆ ಹಾಕಬೇಕು. ಮಾಲೀಕರಿಗೆ ಅಷ್ಟು ತಾಳ್ಮೆ ಇರುವುದಿಲ್ಲ. "ಅದೇನು ಇಡ್ಲಿ ಹಿಟ್ಟಾ, ಬೇಗ ಕಲಸಿ ಹಾಕಿ" ಅನ್ನುತ್ತಾರೆ. ಇಡ್ಲಿ ಹಿಟ್ಟಿಗೂ ಒಂದು ರಾತ್ರಿ ಕೊಡುತ್ತಾರಲ್ಲ ಸ್ವಾಮಿ!

ಮ್ಯೂಸಿಯಂಗೆ ಹೋದಾಗ ಒಂದು ಕೆಲಸ ಮಾಡಿ. ಕಿಟಕಿಯ ಹತ್ತಿರ ಗೋಡೆ ಎಷ್ಟು ದಪ್ಪ ನೋಡಿ. ಒಂದೂವರೆ ಅಡಿ, ಎರಡಡಿ ಇರುತ್ತದೆ. ಆಮೇಲೆ ತಲೆ ಎತ್ತಿ ಮಾಡಿನ ಒಳಗೆ ನೋಡಿ, ಪಕಾಸು ಕಾಣುವಂತಿದ್ದರೆ ಎಣಿಸಿ. ಹಳೇ ಹೆಂಚು ಸಿಕ್ಕಿದರೆ ತಿರುಗಿಸಿ ಓದಿ, ಕಾರ್ಖಾನೆಯ ಹೆಸರು ಅಚ್ಚೊತ್ತಿರುತ್ತದೆ. ಬಾಸೆಲ್ ಮಿಷನ್‌ನವರು ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಶುರು ಮಾಡಿದ ಹೆಂಚಿನ ಕಾರ್ಖಾನೆಯಿಂದ ಹಿಡಿದು ಎಷ್ಟೋ ಹೆಸರುಗಳು. ಹೊರಗೆ ಜೋಡಿಸಿಟ್ಟ ಹಳೇ ಹೆಂಚಿನ ರಾಶಿ ಕಂಡರೆ ನಾನು ಒಳಗಿನ ಕತ್ತಿ ಕೋವಿ ಮರೆತು ಅಲ್ಲೇ ಕುಕ್ಕರು ಕೂರುತ್ತೇನೆ. ಹೆಂಡತಿಗೆ ಇದು ದೊಡ್ಡ ತಲೆನೋವು.

ಬೆಂಗಳೂರು ಸವಾರ:

ಪಕಾಸು ಅಂದರೇನು ಸಾರ್? ರೀಪು?

ಗಾರೆ ಮೇಸ್ತ್ರಿ:

ಮಾಡಿನ ತುದಿಯಿಂದ ಗೋಡೆಯ ಕಡೆಗೆ ಇಳಿಜಾರಾಗಿ ಬರುವ ಮರ ಪಕಾಸು. ಅದರ ಮೇಲೆ ಅಡ್ಡ ಹೊಡೆದ ಪಟ್ಟಿ ರೀಪು. ಹೆಂಚು ಕೂರುವುದು ರೀಪಿನ ಮೇಲೆ. ಅಪಾರ್ಟ್‌ಮೆಂಟಿನವರಿಗೆ ಇಷ್ಟು ಸಾಕು :)

ಕುಡ್ಲದ ಕಿಟಕಿ:

ಹೆಂಚಿನ ಮಾತು ಬಂದ ಮೇಲೆ ಮಂಗಳೂರಿನವಳು ಸುಮ್ಮನಿರಲು ಆಗುತ್ತಾ? ಬಿಜೈಯಲ್ಲಿ ಶ್ರೀಮಂತಿಬಾಯಿ ಸ್ಮಾರಕ ಸರಕಾರಿ ಮ್ಯೂಸಿಯಂ ಇದೆ. ಅದೂ ಮನೆಯೇ. ಕರ್ನಲ್ ಮಿರಾಜ್‌ಕರ್ ಅನ್ನುವ ವೈದ್ಯರು ಕಟ್ಟಿಸಿದ್ದು. ಹಡಗಿನ ಆಕಾರದಲ್ಲಿದೆ. ತಾಯಿಯ ನೆನಪಿಗೆ ಅಂತ ಸರಕಾರಕ್ಕೆ ಕೊಟ್ಟರು, 1960ರಲ್ಲಿ ಮ್ಯೂಸಿಯಂ ಆಯಿತು. ಬಸ್ ಸ್ಟ್ಯಾಂಡಿಗೆ ಹತ್ತಿರ. ಬಿಜೈಯಲ್ಲಿ ಬಸ್ಸಿಗೆ ಕಾದವರು ಲಕ್ಷ ಜನ ಇರಬಹುದು, ಅದರೊಳಗೆ ಹೋದವರು ಎಷ್ಟು ಮಂದಿಯೋ!

ನನಗೆ ಇಷ್ಟವಾಗುವುದು ಏನೆಂದರೆ, ಮಗ ಕಟ್ಟಿಸಿದ ಮನೆಗೆ ಅಮ್ಮನ ಹೆಸರು. ತಾನು ಕರ್ನಲ್, ಬೇಕಾದರೆ ತನ್ನ ಹೆಸರೇ ಇಡಬಹುದಿತ್ತು.

ಮೈಸೂರು ಪಾಕ:

ನಮ್ಮ ಮಾನಸಗಂಗೋತ್ರಿಯ ಜಯಲಕ್ಷ್ಮಿ ವಿಲಾಸ? 1905ರಲ್ಲಿ ಕಟ್ಟಿದ್ದು, ಈಗ ಜಾನಪದ ವಸ್ತುಸಂಗ್ರಹಾಲಯ. ಅದಕ್ಕಿಂತ ಚಂದದ ಕಟ್ಟಡ ಇದ್ದರೆ ಹೇಳಿ.

ಫೌಜಿ ಮಗ:

ಅದು ಬ್ರಿಟಿಷ್ ಕಟ್ಟಡ ಅಲ್ಲವಲ್ಲ, ಚಾಮರಾಜ ಒಡೆಯರ ಹಿರಿಯ ಮಗಳು ಜಯಲಕ್ಷ್ಮಮ್ಮಣ್ಣಿಯವರಿಗೆ ಕಟ್ಟಿಸಿದ ಅರಮನೆ.

ಮೈಸೂರು ಪಾಕ:

ಅರಮನೆ ನಮ್ಮದು, ಕಂಬ ಗ್ರೀಕರದ್ದು, ಗಾಜು ಎಲ್ಲಿಯದೋ. 1959ರಲ್ಲಿ ಕುವೆಂಪು ಕುಲಪತಿಯಾಗಿದ್ದ ಕಾಲದಲ್ಲಿ ವಿಶ್ವವಿದ್ಯಾಲಯ ಕೊಂಡುಕೊಂಡಿತು. ಈಗ ಒಳಗೆ ಯಕ್ಷಗಾನದ ಕಿರೀಟ, ಸೋಮನ ಮುಖವಾಡ, ಒರಳು, ನೇಗಿಲು. ರಾಜಕುಮಾರಿ ನಡೆದ ಹಜಾರದಲ್ಲಿ ಒಕ್ಕಲಿಗನ ನೇಗಿಲು ಬಂದು ಕೂತಿದೆ ಮಾರಾಯರೇ! ಕಾಫಿಪುಡಿ ಕೇಳಿದ್ದು ಇದೇ ಅಲ್ವಾ?

ಕಾಫಿಪುಡಿ:

ಇದೇ ಇದೇ. ಅಂಕ ನಿಮಗೆ.

ಹಳೇ ಫೈಲು:

ಬೆಂಗಳೂರಿನವರು ಯಾರೂ ಬಾಯಿ ಬಿಡಲಿಲ್ಲ, ನಾನೇ ಹೇಳುತ್ತೇನೆ. ಕಸ್ತೂರಬಾ ರಸ್ತೆಯ ಕೆಂಪು ಕಟ್ಟಡ. ಸರಕಾರಿ ಮ್ಯೂಸಿಯಂ ಶುರುವಾದದ್ದು 1865ರಲ್ಲಿ, ಸರ್ಜನ್ ಎಡ್ವರ್ಡ್ ಬಾಲ್ಫರ್ ಮುತುವರ್ಜಿಯಿಂದ. ಈಗಿನ ಕಟ್ಟಡ 1877ರದ್ದು, ಕರ್ನಲ್ ಸ್ಯಾಂಕಿಯದ್ದು. ಸ್ಯಾಂಕಿ ಕೆರೆ ಅಂದರೆ ಬೆಂಗಳೂರು ಸವಾರರಿಗೆ ಗೊತ್ತಾಗುತ್ತದೆ.

ಅಲ್ಲಿಗೆ ಹೋದರೆ ಆತಕೂರಿನ ಕಲ್ಲನ್ನು ಕೇಳಿ ನೋಡಿ. ಮಂಡ್ಯದ ಕಡೆಯಿಂದ ಬಂದದ್ದು, ಕ್ರಿ.ಶ. 949ರ ಹೊತ್ತಿನದು. ತಕ್ಕೋಲದ ಯುದ್ಧದಲ್ಲಿ ಚೋಳರ ರಾಜಾದಿತ್ಯ ಸತ್ತ ಸುದ್ದಿ ಅದರಲ್ಲಿದೆ. ಆ ಯುದ್ಧದಲ್ಲಿ ಸಾಹಸ ಮಾಡಿದ ಮಣಲೇರನಿಗೆ ಏನು ಬೇಕೆಂದು ಕೇಳಿದರೆ ಅವನು ಬೇಡಿದ್ದು ಕಾಳಿ ಅನ್ನುವ ನಾಯಿಯನ್ನು. ಆಮೇಲೆ ಆ ನಾಯಿ ದೊಡ್ಡ ಹಂದಿಯೊಡನೆ ಹೋರಾಡಿ, ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಭೂಮಿ ಬಿಟ್ಟು, ಪೂಜೆಗೆ ಏರ್ಪಾಡು ಮಾಡಿದ. ಕಲ್ಲಿನ ಮೇಲೆ ನಾಯಿ ಹಂದಿ ಎರಡೂ ಕಾದಾಡುವ ಚಿತ್ರ ಇದೆ. ರಾಜರ ಸುದ್ದಿ ಸುತ್ತಲೂ, ನಾಯಿಯ ಸುದ್ದಿ ನಡುವೆ. ಫೌಜಿ ಮಗ, ನಾಯಿಗೆ ಜಾಗ ಕೊಟ್ಟ ನಾಡು ಇದು, ಆರ್‌ಟಿಓ ಗುಮಾಸ್ತನಿಗೆ ಒಂದು ಮೂಲೆ ಕೊಡಬಾರದಾ?

ಫೌಜಿ ಮಗ:

ಹಹ. ಸಾರ್, ಗುಮಾಸ್ತ ಹಂದಿ ಜೊತೆ ಹೋರಾಡಿದ್ದರೆ ಕೊಡೋಣ.

ಥೇಮ್ಸ್ ದಡದ ಕನ್ನಡತಿ:

ಲಂಡನ್ನಿನಿಂದ ನಮಸ್ಕಾರ. ಈ ಚರ್ಚೆ ಓದುತ್ತಾ ಒಂದು ಭಾನುವಾರ ನೆನಪಾಯಿತು. ಚಿಕ್ಕ ವೀರರಾಜೇಂದ್ರನನ್ನು ಕಾಶಿಗೆ ಕಳಿಸಿದ್ದರಲ್ಲ, ಆಮೇಲೆ ಅವನು ಮಗಳು ಗೌರಮ್ಮನನ್ನು ಕರೆದುಕೊಂಡು 1852ರಲ್ಲಿ ಇಂಗ್ಲೆಂಡಿಗೆ ಬಂದ. ಕಂಪನಿಯಲ್ಲಿ ಸಿಕ್ಕಿಕೊಂಡಿದ್ದ ತನ್ನ ಹಣಕ್ಕಾಗಿ ಕೋರ್ಟಿಗೆ ಹೋದ. ಮಗಳು ಕ್ರೈಸ್ತಳಾದಳು, ವಿಕ್ಟೋರಿಯಾ ರಾಣಿಯೇ ಜ್ಞಾನತಾಯಿಯಾಗಿ ನಿಂತಳು, ವಿಕ್ಟೋರಿಯಾ ಗೌರಮ್ಮ ಅಂತ ಹೆಸರಾಯಿತು. ರಾಜ 1859ರಲ್ಲಿ ಇಲ್ಲೇ ಸತ್ತ. ಅವನ ಸಮಾಧಿ ಕೆನ್ಸಲ್ ಗ್ರೀನ್‌ನಲ್ಲಿ. ಗೌರಮ್ಮ 1864ರಲ್ಲಿ ತೀರಿಕೊಂಡಳು, ಅವಳದ್ದು ಬ್ರಾಂಪ್ಟನ್ ಸ್ಮಶಾನದಲ್ಲಿ. ಅಪ್ಪ ಮಗಳು ಒಂದೇ ಊರಿನಲ್ಲಿ, ಬೇರೆ ಬೇರೆ ಕಡೆ.

ನಾನು ಹುಟ್ಟಿದ್ದು ವಿರಾಜಪೇಟೆಯಲ್ಲಿ. ಮಡಿಕೇರಿಯ ಗದ್ದಿಗೆ ನೋಡಿ ಬೆಳೆದವಳು. ಅಲ್ಲಿ ದೊಡ್ಡ ವೀರರಾಜೇಂದ್ರ, ಲಿಂಗರಾಜೇಂದ್ರ ಎಷ್ಟು ದೊಡ್ಡ ಗುಮ್ಮಟದ ಕೆಳಗೆ ಮಲಗಿದ್ದಾರೆ! ಇಲ್ಲಿ ಕೊನೆಯ ರಾಜ ಸಾವಿರಾರು ಗೋರಿಗಳ ನಡುವೆ. ಅವನು ಒಳ್ಳೆಯ ರಾಜನಾಗಿರಲಿಲ್ಲ ಅಂತ ನಮ್ಮ ಮನೆಯಲ್ಲೇ ಹೇಳುತ್ತಿದ್ದರು. ಆದರೂ ಆ ದಿನ ಅಮ್ಮ ಕಳಿಸಿದ್ದ ಕಾಫಿಪುಡಿಯ ಪೊಟ್ಟಣ ಚೀಲದಲ್ಲಿತ್ತು, ಒಂದು ಚಿಟಿಕೆ ಅಲ್ಲಿ ಉದುರಿಸಿ ಬಂದೆ. ಯಾಕೆ ಅಂತ ಕೇಳಬೇಡಿ.

(ಈ ಎಳೆ ಶುರು ಮಾಡಿದವರ ಹೆಸರು ನೋಡಿದಾಗ ನಗು ಬಂತು.)

ಬೆಂಗಳೂರು ಸವಾರ:

ಅಕ್ಕಾ 🙏

ಕಾಫಿಪುಡಿ:

ಎಲ್ಲರಿಗೂ ಥ್ಯಾಂಕ್ಸ್. ಅಪ್ಪನ ಮಾತು ಬರೆಯುತ್ತೇನೆ ಅಂದಿದ್ದೆನಲ್ಲ. ನಿನ್ನೆ ರಾತ್ರಿ ಊಟ ಆದ ಮೇಲೆ ಕೂರಿಸಿ ಹೇಳಿಸಿದೆ. ಅವರು ಹೇಳಿದ ಹಾಗೇ ಹಾಕುತ್ತಿದ್ದೇನೆ:

"1948ರಲ್ಲಿ ಲೇಹ್‌ಗೆ ಹೋಗುವ ದಾರಿ ಜೋಜಿ ಲಾದಲ್ಲಿ ಬಂದ್ ಆಗಿತ್ತು. ಮೇಲೆ ಶತ್ರು ಕೂತಿದ್ದ. ಕೆಳಗಿನಿಂದ ಹತ್ತಲು ಹೋದ ನಮ್ಮವರಿಗೆ ಏಟು. ಆಗ ತಿಮ್ಮಯ್ಯ ಸಾಹೇಬರು ಅಲ್ಲಿನ ಡಿವಿಜನ್ ಕಮಾಂಡರ್. ಟ್ಯಾಂಕ್ ಹತ್ತಿಸೋಣ ಎಂದರು. ಸುಮಾರು 11,500 ಅಡಿ ಎತ್ತರ. ಅಲ್ಲಿಗೆ ಟ್ಯಾಂಕ್ ಅಂದರೆ ಯಾರೂ ನಂಬುವ ಮಾತಲ್ಲ. ಸೆವೆಂತ್ ಕ್ಯಾವಲ್ರಿಯ ಸ್ಟುವರ್ಟ್ ಟ್ಯಾಂಕುಗಳನ್ನು ಗುಟ್ಟಾಗಿ ತಂದರು. ನವೆಂಬರ್ 1ಕ್ಕೆ ಏರಿಸಿಯೇ ಬಿಟ್ಟರು. ಸಾಹೇಬರೂ ಜೊತೆಗೇ ಇದ್ದರು.

ಇದನ್ನು ಎಲ್ಲರೂ ಹೇಳುತ್ತಾರೆ. ಟ್ಯಾಂಕ್ ಹೋದದ್ದು ಗಾಳಿಯಲ್ಲಾ? ಅಲ್ಲಿದ್ದದ್ದು ಹೇಸರಗತ್ತೆ ನಡೆಯುವ ದಾರಿ. ಬಾಲ್ತಾಲ್‌ನಿಂದ ಮೇಲಕ್ಕೆ ಅದನ್ನು ಅಗಲ ಮಾಡಿದವರು ಮದ್ರಾಸ್ ಸ್ಯಾಪರ್ಸ್. ನಮ್ಮವರು. ಹಿಮ, ಗುಂಡು, ಎರಡರ ನಡುವೆ ಹಾರೆ ಗುದ್ದಲಿ ಹಿಡಿದು. ನಾನು ಸೇರುವಾಗ ಟ್ರೇನಿಂಗ್‌ನಲ್ಲಿ ಉಸ್ತಾದ್ ಇದನ್ನು ಹೇಳುತ್ತಿದ್ದರು. ಅದಕ್ಕೇ ಅಲ್ಲಿ ನಿಂತೆ. ಟ್ಯಾಂಕ್ ಕೆಳಗೆ ದಾರಿ ಕಾಣುತ್ತದಾ ಅಂತ ನೋಡುತ್ತಿದ್ದೆ."

ಇಷ್ಟು ಹೇಳಿ ಎದ್ದು ಹೋದರು. ಆಮೇಲೆ ಬಾಗಿಲ ಹತ್ತಿರ ನಿಂತು ಇನ್ನೊಂದು ಮಾತು. "ಆ ಮನೆಯಲ್ಲಿ ಇನ್ನೊಬ್ಬ ಮಗನೂ ಇದ್ದ. ಅಣ್ಣ ಪೊನ್ನಪ್ಪ. ಅವನು ನೇತಾಜಿ ಸೈನ್ಯ ಸೇರಿದ. ತಮ್ಮ ಬ್ರಿಟಿಷರ ಸಮವಸ್ತ್ರದಲ್ಲಿ ಬರ್ಮಾದಲ್ಲಿ, ಅಣ್ಣ ಅತ್ತ ಕಡೆ. ಆ ಅಮ್ಮನಿಗೆ ಹೇಗಿದ್ದೀತು?"

ಫೌಜಿ ಮಗ:

ಅಪ್ಪನಿಗೆ ನನ್ನ ಸೆಲ್ಯೂಟ್ ತಿಳಿಸಿ. ಪೊನ್ನಪ್ಪನವರ ವಿಷಯ ಓದಿದ್ದೆ, ಆದರೆ ಅಮ್ಮನ ಕಡೆಯಿಂದ ಯೋಚನೆ ಮಾಡಿರಲಿಲ್ಲ. ತಿಮ್ಮಯ್ಯನವರಿಗೂ ಕೆಲಸ ಬಿಡಬೇಕು ಅನ್ನಿಸಿತ್ತಂತೆ, ಮೋತಿಲಾಲ್ ನೆಹರೂ ಬೇಡ, ನಾಳೆ ಸ್ವತಂತ್ರ ದೇಶಕ್ಕೆ ಕಲಿತ ಅಧಿಕಾರಿಗಳು ಬೇಕಾಗುತ್ತಾರೆ ಅಂತ ತಡೆದರು ಅನ್ನುವ ಕಥೆ ಇದೆ.

ಮತ್ತೆ ಒಂದು ಮಾತು. ದಾರಿ ಮಾಡಿದವರು ಕಾಣುತ್ತಾರಾ ಅಂತ ನಿಮ್ಮಪ್ಪ ಹುಡುಕಿದರಲ್ಲ, ಅದನ್ನು ಓದಿದ ಮೇಲೆ ನಿಮ್ಮ ಆರ್‌ಟಿಓ ಮೇಜಿನ ಬಗ್ಗೆ ನನ್ನ ವಿರೋಧ ಅರ್ಧಕ್ಕೆ ಇಳಿದಿದೆ. ಮೇಜು ಬೇಡ. ಒಂದು ಫೋಟೋ ಇರಲಿ. ಚಿಕ್ಕದು.

ಕಾಫಿಪುಡಿ:

ಪೋಸ್ಟ್ ಕಾರ್ಡ್ ಸೈಜು?

ಫೌಜಿ ಮಗ:

ಪಾಸ್‌ಪೋರ್ಟ್ ಸೈಜು. ಎಲ್‌ಎಲ್‌ಆರ್‌ಗೆ ಅಂಟಿಸುವ ಹಾಗೆ.

ಸುಳ್ಯದ ಹುಡುಗಿ:

😂😂

ಊಟದ ಡಬ್ಬಿ:

ತಡವಾಗಿ ಬಂದೆ. ಇತಿಹಾಸ ಎಲ್ಲ ಸರಿ, ನನ್ನ ಗೋಳು ಬೇರೆ. ಹೋದ ವರ್ಷ ಬೇರೆ ಒಂದು ಊರಿನ ಹಳೇ ಬಂಗಲೆ ಮ್ಯೂಸಿಯಂಗೆ (ಹೆಸರು ಬೇಡ) 200 ಕಿಲೋಮೀಟರ್ ಗಾಡಿ ಓಡಿಸಿಕೊಂಡು ಹೋದರೆ ಗೇಟಿಗೆ ಬೀಗ. ಸೋಮವಾರ! ಮಕ್ಕಳು ಗೇಟಿನ ಸರಳಿನಿಂದ ಇಣುಕಿ ಫಿರಂಗಿ ನೋಡಿದವು. ಅಲ್ಲೇ ಎದುರಿನ ಅಂಗಡಿಯವರು "ದಿನಾ ನಾಲ್ಕು ಕಾರು ಹೀಗೇ ವಾಪಸ್ ಹೋಗ್ತವೆ, ಸೋಮವಾರ ನಂಗೆ ಟೀ ವ್ಯಾಪಾರ ಜಾಸ್ತಿ" ಎಂದರು. ಹಾಗಾಗಿ ಈ ಸಲ ಮೊದಲೇ ಕೇಳುತ್ತಿದ್ದೇನೆ. ಅಮ್ಮನಿಗೆ ಮಂಡಿ ನೋವು. ಸನ್ನಿಸೈಡ್, ಕೋಟೆ ಎರಡೂ ಒಂದೇ ದಿನ ಆಗುತ್ತಾ?

ಹಳೇ ಫೈಲು:

ದಿನಾ ನಾಲ್ಕು ಕಾರು, ಸೋಮವಾರ ವ್ಯಾಪಾರ ಜಾಸ್ತಿ. ಅಂಗಡಿಯವನ ಲೆಕ್ಕ ನನಗೆ ಹತ್ತಲಿಲ್ಲ :) ಸರಕಾರಿ ಮ್ಯೂಸಿಯಂಗಳಿಗೆ ಸಾಮಾನ್ಯವಾಗಿ ಸೋಮವಾರ ರಜೆ ಅಮ್ಮಾ. ಸರಕಾರಿ ರಜೆಯ ದಿನವೂ ಅನುಮಾನ. ಹಳೇ ಕಟ್ಟಡ ಅಂದ ಮೇಲೆ ರಿಪೇರಿಗೆ ಅಂತ ಮುಚ್ಚುವುದೂ ಇರುತ್ತದೆ. ಹೊರಡುವ ಹಿಂದಿನ ದಿನ ಊರಲ್ಲಿ ಯಾರನ್ನಾದರೂ ವಿಚಾರಿಸಿ.

ಕಾಫಿಪುಡಿ:

ಎರಡೂ ಊರೊಳಗೇ ಇವೆ, ಒಂದೇ ದಿನ ಆರಾಮಾಗಿ ಆಗುತ್ತದೆ. ಬೆಳಿಗ್ಗೆ ಸನ್ನಿಸೈಡ್ ಮುಗಿಸಿ. ಮಧ್ಯಾಹ್ನ ಊಟಕ್ಕೆ ಕಡಂಬುಟ್ಟು (ಅಕ್ಕಿಯ ಕಡುಬು) ಸಿಗುವ ಹೋಟೆಲ್ ಹುಡುಕಿ, ಪಂದಿ ಕರಿ (ಹಂದಿ ಮಾಂಸ) ತಿನ್ನದವರಿಗೆ ಕೋಳಿ ಕರಿಯೂ ಇರುತ್ತದೆ. ಆಮೇಲೆ ಕೋಟೆ. ಅಲ್ಲಿ ಏರು ಇದೆ, ಅಮ್ಮನಿಗೆ ಗಾಡಿ ಆದಷ್ಟು ಹತ್ತಿರ ತಂದು ನಿಲ್ಲಿಸಿ. ಮಳೆಗಾಲವಾದರೆ ಕಲ್ಲಿನ ಮೇಲೆ ಪಾಚಿ, ಚಪ್ಪಲಿ ಜಾರುತ್ತದೆ. ಕೊಡೆ ಎರಡು ಇರಲಿ, ಗಾಳಿಗೆ ಒಂದು ಮಗುಚುವುದು ಗ್ಯಾರಂಟಿ.

ಸುಳ್ಯದ ಹುಡುಗಿ:

ಅಮ್ಮನಿಗೆ ಒಳಗೆ ಬರಲು ಆಗದಿದ್ದರೆ ಹೊರಗೆ ಕೂರಲು ಕಟ್ಟೆ ಸಿಗುತ್ತದೆ. ನಮ್ಮಜ್ಜಿ ಕೂರುತ್ತಿದ್ದ ಜಾಗದಿಂದ ಆನೆಗಳೂ ಕಾಣುತ್ತಿದ್ದವು.

ಊಟದ ಡಬ್ಬಿ:

ಥ್ಯಾಂಕ್ಸ್ ಎಲ್ಲರಿಗೂ. ಮಂಗಳವಾರ ಹೊರಡುತ್ತಿದ್ದೇವೆ. ಕಾಫಿಪುಡಿಯವರೇ, ಆ ಸಹಿ ಹಾಕಿದ ಗೋಡೆ ಯಾವ ಕಡೆ ಬರುತ್ತದೆ? ಮಗ ಕೇಳುತ್ತಿದ್ದಾನೆ.

ಕಾಫಿಪುಡಿ:

ಒಳಗೆ ಹೋದ ಕೂಡಲೇ ಎಡಗಡೆ ಅಂತ ನನ್ನ ನೆನಪು. ಬಲಗಡೆ ಅಂತ ಅಪ್ಪನ ವಾದ. ಅವರ ಎಲ್‌ಎಲ್‌ಆರ್ ನನಗಿಂತ ಹಳೆಯದು, ಹಾಗಾಗಿ ಎರಡೂ ಕಡೆ ನೋಡಿ ಬಿಡಿ.